ಹಾಲುಹಲ್ಲಿನ ಹುಳುಕು: ಎಳೆಯ ಮಕ್ಕಳ ತಾಯ್ತಂದೆಯರು ತಿಳಿಯಬೇಕಾದ ವಿಚಾರ

ಕೂಸಿನ ವಸಡಿನಲ್ಲಿ ಮೊದಲನೆಯ ಹಲ್ಲು ಅಕ್ಕಿಕಾಳಿನಂತೆ ಮೂಡಿದ ದಿನ ಮನೆಮಂದಿಗೆಲ್ಲ ಸಂಭ್ರಮ. ಊರಿನಲ್ಲಿರುವ ಅಜ್ಜಿಗೆ ಆ ಸುದ್ದಿ ಅಂದೇ ಮುಟ್ಟುತ್ತದೆ. ಆದರೆ ಎರಡು ವರ್ಷ ಕಳೆಯುವುದರೊಳಗಾಗಿ ಅದೇ ಹಲ್ಲು ಕಂದಿ, ಸವೆದು, ಕೊನೆಗೆ ವಸಡಿನ ಅಂಚಿನಲ್ಲಿ ಒಂದು ಕರಿಯ ಮೊಳೆಯಾಗಿ ಉಳಿದಾಗ ಆ ಸಂಭ್ರಮದ ನೆನಪು ಯಾರಿಗೂ ಇರುವುದಿಲ್ಲ. “ಹಾಲುಹಲ್ಲು ತಾನೆ, ಹೇಗೂ ಬಿದ್ದುಹೋಗುವುದು” ಎಂಬ ಒಂದು ಮಾತಿನಿಂದ ಹಿರಿಯರು ಸಮಾಧಾನ ತಂದುಕೊಳ್ಳುತ್ತಾರೆ. ಈ ಮಾತು ಎಷ್ಟು ಸಹಜವೋ ಅಷ್ಟೇ ಅಪಾಯಕರವಾದುದು. ಇದನ್ನು ನಂಬಿ ಕುಳಿತ ಮನೆಗಳಲ್ಲಿ ಮೂರು ನಾಲ್ಕು ವರ್ಷದ ಮಕ್ಕಳು ರಾತ್ರಿಯೆಲ್ಲ ಕೆನ್ನೆ ಹಿಡಿದುಕೊಂಡು ಅಳುವುದನ್ನೂ, ಹಗಲು ಅನ್ನವನ್ನು ಅಗಿಯದೆ ಉಗುಳುವುದನ್ನೂ ಕಾಣಬಹುದು.

ಇದು ಎಲ್ಲೋ ಅಪರೂಪಕ್ಕೆ ಕಾಣುವ ವ್ಯಾಧಿಯಲ್ಲ. ಭಾರತೀಯ ದಂತವೈದ್ಯ ಪರಿಷತ್ತು 2002-03ರಲ್ಲಿ ದೇಶದಾದ್ಯಂತ ನಡೆಸಿದ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳ ಪೈಕಿ ನೂರಕ್ಕೆ ಸುಮಾರು 52 ಮಂದಿಗೆ ಹುಳುಕು ಹಲ್ಲಿರುವುದು ಕಂಡುಬಂದಿತು. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ವರದಿಯಂತೆ ಪ್ರಪಂಚದಲ್ಲಿ 51 ಕೋಟಿಗೂ ಹೆಚ್ಚು ಮಕ್ಕಳು ಹಾಲುಹಲ್ಲಿನ ಹುಳುಕಿನಿಂದ ಪೀಡಿತರಾಗಿದ್ದಾರೆ. ಇಷ್ಟು ವ್ಯಾಪಕವಾದ ಇನ್ನೊಂದು ರೋಗವನ್ನು ನಾವು ‘ಹೇಗೂ ಹೋಗುವುದು’ ಎಂದು ಉದಾಸೀನ ಮಾಡುತ್ತಿದ್ದೆವೇ? ವಾಚಕರು ತಾವೇ ಯೋಚಿಸಬೇಕು.

ಹಾಲುಹಲ್ಲಿನ ಆಯುಸ್ಸು

ಹಾಲುಹಲ್ಲುಗಳು ಒಟ್ಟು 20. ಮಗು ಗರ್ಭದಲ್ಲಿರುವಾಗಲೇ ಅವು ರೂಪುಗೊಳ್ಳಲಾರಂಭಿಸುತ್ತವೆ. ಸಾಮಾನ್ಯವಾಗಿ ಆರನೆಯ ತಿಂಗಳ ಸುಮಾರಿಗೆ ಕೆಳಗಿನ ಎರಡು ಮುಂಬಲ್ಲುಗಳು ಕಾಣಿಸಿಕೊಂಡು, ಎರಡೂವರೆ ಮೂರು ವರ್ಷಗಳ ಹೊತ್ತಿಗೆ ಇಪ್ಪತ್ತೂ ಪೂರ್ಣವಾಗುತ್ತವೆ. ಬೀಳುವ ಕಾಲ ಮಾತ್ರ ಎಲ್ಲಕ್ಕೂ ಒಂದೇ ಅಲ್ಲ. ಮುಂಬಲ್ಲುಗಳು ಆರು ಏಳನೆಯ ವರ್ಷದಲ್ಲಿ ಬಿದ್ದರೆ, ಹಿಂಬದಿಯ ದವಡೆಹಲ್ಲುಗಳು ಹತ್ತರಿಂದ ಹನ್ನೆರಡನೆಯ ವರ್ಷದವರೆಗೂ ಇರಬೇಕಾದವು. ಮೂರು ವರ್ಷದ ಮಗುವಿನ ದವಡೆಹಲ್ಲು ಹುಳುಕಾದರೆ ಆ ಮಗು ಇನ್ನೂ ಏಳೆಂಟು ವರ್ಷ ಅದೇ ಹಲ್ಲಿನಿಂದ ಉಣ್ಣಬೇಕಾಗಿದೆ ಎಂಬುದನ್ನು ಮರೆಯಬಾರದು.

ಅಗಿಯುವುದೊಂದೇ ಈ ಹಲ್ಲುಗಳ ಕೆಲಸವಲ್ಲ. ತ, ದ, ಸ ಮೊದಲಾದ ಅಕ್ಷರಗಳ ಸ್ಪಷ್ಟ ಉಚ್ಚಾರಕ್ಕೆ ಮುಂಬಲ್ಲು ಸಹಾಯಕ. ಅದಕ್ಕಿಂತ ಮುಖ್ಯವಾಗಿ, ಪ್ರತಿಯೊಂದು ಹಾಲುಹಲ್ಲೂ ತನ್ನ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗಾಗಿ ಸ್ಥಳವನ್ನು ಕಾದಿರಿಸುತ್ತದೆ. ದವಡೆಯ ಹಾಲುಹಲ್ಲು ಅಕಾಲದಲ್ಲಿ ಹೋದರೆ ಅಕ್ಕಪಕ್ಕದ ಹಲ್ಲುಗಳು ಆ ತೆರವಿನ ಕಡೆಗೆ ವಾಲುತ್ತವೆ. ಮುಂದೆ ಬರುವ ಹಲ್ಲು ಜಾಗವಿಲ್ಲದೆ ಅಡ್ಡಾದಿಡ್ಡಿಯಾಗಿ ಮೂಡುತ್ತದೆ. ಹಾಲುಹಲ್ಲಿನ ಬೇರಿನಲ್ಲಿ ಕೀವು ತುಂಬಿದರೆ ಕೆಳಗಿರುವ ಎಳೆಯ ಹಲ್ಲಿನ ಕವಚಕ್ಕೂ ಕಲೆ ತಗಲುವುದುಂಟು.

ಇನ್ನೊಂದು ಸಂಗತಿ ಬಹುಮಂದಿಗೆ ತಿಳಿಯದು. ಆರನೆಯ ವರ್ಷದ ಸುಮಾರಿಗೆ, ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ ಮೊದಲನೆಯ ಶಾಶ್ವತ ದವಡೆಹಲ್ಲು ಮೂಡುತ್ತದೆ. ಇದನ್ನೂ ಹಾಲುಹಲ್ಲೆಂದೇ ತಿಳಿದು ಅಲಕ್ಷಿಸುವವರು ಅನೇಕರು. ಹುಳುಕು ತುಂಬಿದ ಬಾಯಿಯಲ್ಲಿ ಹುಟ್ಟಿದ ಈ ಹಲ್ಲು ತಾನೂ ಬೇಗನೆ ಹುಳುಕಾಗುತ್ತದೆ. ಇದು ಹೋದರೆ ಇನ್ನೊಂದು ಬಾರದು.

ಹುಳುವಲ್ಲ, ಹುಳಿ

‘ಹಲ್ಲಿಗೆ ಹುಳು ಬಿದ್ದಿದೆ’ ಎನ್ನುವುದು ನಮ್ಮ ನುಡಿಯ ರೂಢಿ. ಹಲ್ಲಿನೊಳಗೆ ಹುಳುವೊಂದು ಕುಳಿತು ಕೊರೆಯುವುದೆಂಬ ನಂಬಿಕೆ ಪ್ರಪಂಚದ ಅನೇಕ ಜನಾಂಗಗಳಲ್ಲಿ ಪುರಾತನವಾದುದು. ನೆಲಗುಳ್ಳದ ಬೀಜದ ಹೊಗೆ ಕೊಟ್ಟು ಹುಳುವನ್ನು ಉದುರಿಸುವುದಾಗಿ ಹೇಳುವವರು ನಮ್ಮ ಹಳ್ಳಿಗಳಲ್ಲಿದ್ದರು. ಫ್ರಾನ್ಸಿನ ಪಿಯರ್ ಫೋಷಾರ್ ಎಂಬ ವೈದ್ಯನು 1728ರಲ್ಲಿಯೇ ತನ್ನ ಗ್ರಂಥದಲ್ಲಿ ಈ ನಂಬಿಕೆಯನ್ನು ಅಲ್ಲಗಳೆದನು. ಬಾಯಿಯಲ್ಲಿರುವ ಸೂಕ್ಷ್ಮಾಣುಗಳು ಆಹಾರದ ಸಕ್ಕರೆ ಹಿಟ್ಟುಗಳನ್ನು ಹುದುಗಿಸಿ ಆಮ್ಲವನ್ನುಂಟುಮಾಡುತ್ತವೆ, ಆ ಆಮ್ಲವೇ ಹಲ್ಲನ್ನು ಕರಗಿಸುತ್ತದೆ ಎಂಬ ಸಿದ್ಧಾಂತವನ್ನು ಬರ್ಲಿನ್ನಿನಲ್ಲಿ ಸಂಶೋಧನೆ ನಡೆಸುತ್ತಿದ್ದ ವಿಲೋಬಿ ಮಿಲ್ಲರ್ 1890ರಲ್ಲಿ ಮಂಡಿಸಿದನು. ಈ ಕಾರ್ಯದಲ್ಲಿ ಪ್ರಮುಖವಾದ ‘ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್’ ಎಂಬ ಸೂಕ್ಷ್ಮಾಣುವನ್ನು 1924ರಲ್ಲಿ ಲಂಡನ್ನಿನ ಕ್ಲಾರ್ಕ್ ಗುರುತಿಸಿದನು. ಇದು ಹುಟ್ಟುವಾಗ ಮಗುವಿನ ಬಾಯಿಯಲ್ಲಿ ಇರುವುದಿಲ್ಲ. ಬಹುಮಟ್ಟಿಗೆ ತಾಯಿಯ ಅಥವಾ ಮಗುವನ್ನು ಆಡಿಸುವವರ ಎಂಜಲಿನಿಂದ ಬಂದು ಸೇರುತ್ತದೆ. ಆದುದರಿಂದ ಮಗುವಿನ ಹಲ್ಲಿನ ರಕ್ಷಣೆಯು ಹೆತ್ತವರ ಹುಳುಕು ಹಲ್ಲಿನ ಚಿಕಿತ್ಸೆಯಿಂದಲೇ ಆರಂಭವಾಗುವುದು ಯುಕ್ತ.

ಹಲ್ಲಿನ ಹೊರಗವಚವಾದ ಎನಾಮಲ್ ನಮ್ಮ ದೇಹದಲ್ಲೆಲ್ಲ ಅತ್ಯಂತ ಗಟ್ಟಿಯಾದ ವಸ್ತು. ಆದರೂ ಅದರ ಮೇಲಿನ ಪಾಚಿಯಲ್ಲಿ ಆಮ್ಲವು ಒಂದು ಮಿತಿಯನ್ನು ಮೀರಿದಾಗ ಅದರೊಳಗಿನ ಸುಣ್ಣದ ಅಂಶ ಕರಗಲಾರಂಭಿಸುತ್ತದೆ. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಈ ಸ್ಥಿತಿ ಉಂಟಾಗಿ, ಮತ್ತೆ ಸಮಸ್ಥಿತಿಗೆ ಬರಲು ಅರ್ಧ ಗಂಟೆಯೋ ಅದಕ್ಕೂ ಹೆಚ್ಚೋ ಹಿಡಿಯುತ್ತದೆ. ಆ ಬಿಡುವಿನಲ್ಲಿ ಜೊಲ್ಲು ತನ್ನಲ್ಲಿರುವ ಸುಣ್ಣವನ್ನು ಹಲ್ಲಿಗೆ ಮರಳಿಸಿ ರಿಪೇರಿ ಮಾಡುತ್ತದೆ. ಹಗಲಿಡೀ ನಡೆಯುವ ಈ ಕರಗುವಿಕೆ, ತುಂಬುವಿಕೆಗಳ ಲೆಕ್ಕದಲ್ಲಿ ಕರಗುವುದು ಹೆಚ್ಚಾದಾಗಲೇ ಹುಳುಕು. ಹಾಲುಹಲ್ಲಿನ ಕವಚವು ಶಾಶ್ವತ ಹಲ್ಲಿನದಕ್ಕಿಂತ ಬಹಳ ತೆಳುವಾದುದರಿಂದ ದೊಡ್ಡವರಲ್ಲಿ ವರ್ಷಗಳು ಹಿಡಿಯುವ ಕೆಡುಕು ಮಗುವಿನಲ್ಲಿ ತಿಂಗಳುಗಳಲ್ಲಿ ಮುಗಿಯುತ್ತದೆ.

ಇದರಿಂದ ಒಂದು ಉಪಯುಕ್ತವಾದ ತತ್ತ್ವ ಹೊರಡುತ್ತದೆ. ಎಷ್ಟು ಸಿಹಿ ತಿಂದಿತು ಎನ್ನುವುದಕ್ಕಿಂತ ಎಷ್ಟು ಸಲ ತಿಂದಿತು ಎನ್ನುವುದು ಮುಖ್ಯ. ಸ್ವೀಡನ್ ದೇಶದ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ ನಡೆದು 1954ರಲ್ಲಿ ಪ್ರಕಟವಾದ ಪ್ರಯೋಗವು ಇದನ್ನು ತೋರಿಸಿತು. ಊಟದ ಜತೆಗೆ ತಿಂದ ಸಕ್ಕರೆಯಿಂದ ಆದ ಹಾನಿ ಸ್ವಲ್ಪ; ಊಟಗಳ ನಡುವೆ ಪದೇ ಪದೇ ತಿಂದ ಅಂಟು ಮಿಠಾಯಿಯಿಂದ ಆದ ಹಾನಿ ಅಪಾರ. ಬುದ್ಧಿಮಾಂದ್ಯರಾದ ರೋಗಿಗಳ ಮೇಲೆ, ಅವರ ಒಪ್ಪಿಗೆಯಿಲ್ಲದೆ ನಡೆಸಿದ ಆ ಪ್ರಯೋಗವನ್ನು ಇಂದು ಯಾರೂ ಸಮರ್ಥಿಸಲಾರರು. ಆದರೆ ಆ ನಿಸ್ಸಹಾಯಕರು ತಮ್ಮ ಹಲ್ಲುಗಳನ್ನು ತೆತ್ತು ಕಲಿಸಿದ ಪಾಠವನ್ನು ನಾವು ಕಡೆಗಣಿಸುವುದು ಇನ್ನೊಂದು ಅನ್ಯಾಯವಾದೀತು.

ಪರಊರಿನ ಸಂಸಾರದ ದಿನಚರಿ

ಹೋಟೆಲು, ಬ್ಯಾಂಕು, ರೈಲ್ವೆ ಉದ್ಯೋಗಗಳಿಗೆಂದು ಹಿಂದೆಯೂ, ಕಂಪ್ಯೂಟರ್ ಕಚೇರಿಗಳ ಕೆಲಸಕ್ಕೆಂದು ಇಂದೂ ಚೆನ್ನೈ ನಗರಕ್ಕೆ ಬಂದು ನೆಲೆಸಿದ ಕನ್ನಡ ಕುಟುಂಬಗಳ ಬದುಕನ್ನು ನೋಡಿದರೆ ಈ ‘ಪದೇ ಪದೇ’ ಎಂಬುದು ಹೇಗೆ ನುಸುಳುವುದೆಂದು ತಿಳಿಯುತ್ತದೆ. ತಂದೆತಾಯಿಗಳಿಬ್ಬರೂ ದುಡಿಯುವವರು, ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಕಾಗೆ ಗುಬ್ಬಿ ತೋರಿಸುತ್ತ ಅನ್ನ ಉಣಿಸುವ ಅಜ್ಜಿ ದೂರದ ಊರಿನಲ್ಲಿ. ಅಳುವ ಮಗುವಿಗೆ ಬಿಸ್ಕತ್ತು, ಹಟ ಮಾಡಿದರೆ ಚಾಕಲೇಟು, ಸಂಜೆ ಅಂಗಡಿಯಿಂದ ‘ತೇನ್ ಮಿಟಾಯಿ’. ಬೇಸಿಗೆಯ ಸೆಕೆಗೆ ಸಿಹಿ ಪಾನೀಯ. ಕೆಮ್ಮು ನೆಗಡಿಗೆ ಸಕ್ಕರೆಪಾಕದ ಔಷಧಿ. ಎಲ್ಲಕ್ಕೂ ಮಿಗಿಲಾಗಿ ರಾತ್ರಿ ಸಕ್ಕರೆ ಬೆರೆಸಿದ ಹಾಲಿನ ಬಾಟಲಿಯನ್ನು ಬಾಯಿಗಿಟ್ಟು ಮಲಗಿಸುವ ರೂಢಿ.

ನಿದ್ರೆಯಲ್ಲಿ ಜೊಲ್ಲು ಸುರಿಯುವುದು ಬಹಳ ಕಡಿಮೆಯಾಗುತ್ತದೆ, ನುಂಗುವುದೂ ನಿಧಾನ. ಸಿಹಿಹಾಲು ಮೇಲಿನ ನಾಲ್ಕು ಮುಂಬಲ್ಲುಗಳ ಸುತ್ತ ಗಂಟೆಗಟ್ಟಲೆ ನಿಂತಿರುತ್ತದೆ. ಕೆಳಗಿನ ಮುಂಬಲ್ಲುಗಳನ್ನು ನಾಲಗೆ ಮುಚ್ಚಿಕೊಂಡು ಕಾಪಾಡುತ್ತದೆ. ಮೇಲಿನವು ಕೆಟ್ಟು ಕೆಳಗಿನವು ಸ್ವಚ್ಛವಾಗಿರುವ ಮಗುವಿನ ಬಾಯಿಯನ್ನು ಕಂಡೊಡನೆ ದಂತವೈದ್ಯರು ಕಾರಣವನ್ನು ಊಹಿಸುವುದು ಇದರಿಂದಲೇ.

ಇದನ್ನು ಓದಿ ತಾಯಂದಿರು ಮೊಲೆಹಾಲಿಗೆ ದೋಷ ಕಟ್ಟಬಾರದು. ಆರು ತಿಂಗಳವರೆಗೆ ತಾಯಿಯ ಹಾಲೊಂದೇ, ಮುಂದೆ ಎರಡು ವರ್ಷ ಅಥವಾ ಅದಕ್ಕೂ ಮೇಲೆ ಇತರ ಆಹಾರದೊಡನೆ ತಾಯಿಯ ಹಾಲು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಲ್ಲು ಮೂಡಿದ ಮೇಲೆ ಹಗಲಿನ ಸಿಹಿ ತಿನಿಸುಗಳ ಶೇಷ ಬಾಯಿಯಲ್ಲಿರುವಂತೆಯೇ ರಾತ್ರಿಯಿಡೀ ಹಾಲೂಡಿಸುವುದರಿಂದ ಹಾನಿಯುಂಟು. ಆದುದರಿಂದ ಮಲಗುವ ಮುನ್ನ ಹಲ್ಲುಜ್ಜಿಸುವುದೂ, ಹಾಲಿಗೆ ಸಕ್ಕರೆ ಬೆರೆಸದಿರುವುದೂ, ಒಂದು ವರ್ಷವಾದ ಮೇಲೆ ಬಾಟಲಿಯನ್ನು ಬಿಡಿಸಿ ಲೋಟದ ಅಭ್ಯಾಸ ಮಾಡಿಸುವುದೂ ಅಗತ್ಯ. ನಮ್ಮ ಅಜ್ಜಿಯರು ಬಳಸುತ್ತಿದ್ದ ಒಳಲೆ, ತಮಿಳರ ಪಾಲಾಡೈ, ಈ ದೃಷ್ಟಿಯಿಂದ ಬಾಟಲಿಗಿಂತ ಎಷ್ಟೋ ಮೇಲು; ಅದನ್ನು ಬಾಯಿಗಿಟ್ಟುಕೊಂಡು ಯಾವ ಮಗುವೂ ನಿದ್ರಿಸಲಾರದು. ಜೇನು ಸವರಿದ ರಬ್ಬರಿನ ಚೀಪುಗವನ್ನಂತೂ ಕೊಡಲೇಬಾರದು. ಒಂದು ವರ್ಷ ತುಂಬದ ಶಿಶುವಿಗೆ ಜೇನು ಬೇರೆ ಕಾರಣಕ್ಕೂ ಅಪಾಯಕರ.

ತುಟಿಯೆತ್ತಿ ನೋಡಿರಿ

ಮಗುವಿಗೆ ನೋವು ಬರುವವರೆಗೆ ಕಾಯುವುದೆಂದರೆ ರೋಗ ಮುಕ್ಕಾಲುಪಾಲು ಮುಗಿಯುವವರೆಗೆ ಕಾಯುವುದೆಂದೇ ಅರ್ಥ. ತಿಂಗಳಿಗೊಮ್ಮೆ ಬೆಳಕಿನಲ್ಲಿ ಮಗುವಿನ ತಲೆಯನ್ನು ಮಡಿಲಿನಲ್ಲಿಟ್ಟುಕೊಂಡು, ಮೇಲಿನ ತುಟಿಯನ್ನು ಮೃದುವಾಗಿ ಎತ್ತಿ ನೋಡಬೇಕು. ವಸಡಿನ ಅಂಚಿನಲ್ಲಿ, ಹಲ್ಲಿನ ಮೇಲೆ ಸುಣ್ಣದ ಗೆರೆಯಂತೆ ಮಂಕಾದ ಬಿಳುಪು ಕಂಡರೆ ಅದೇ ರೋಗದ ಮೊದಲ ಸೂಚನೆ. ಈ ಹಂತದಲ್ಲಿ ಹಲ್ಲು ಇನ್ನೂ ಕುಳಿಬಿದ್ದಿಲ್ಲ; ಆಹಾರದ ಕ್ರಮ, ಉಜ್ಜುವ ಕ್ರಮಗಳನ್ನು ತಿದ್ದಿಕೊಂಡು ದಂತವೈದ್ಯರಿಂದ ಫ್ಲೋರೈಡಿನ ಲೇಪ ಹಚ್ಚಿಸಿದರೆ ಅದು ಮತ್ತೆ ಗಟ್ಟಿಯಾಗಬಲ್ಲದು. ಗೆರೆಯು ಹಳದಿಗೂ ಕಂದಿಗೂ ತಿರುಗಿದರೆ ಕವಚ ಒಡೆದಿದೆಯೆಂದು ತಿಳಿಯಬೇಕು. ಒಂದೇ ಬದಿಯಲ್ಲಿ ಅಗಿಯುವುದು, ತಣ್ಣನೆಯದನ್ನು ಕಂಡರೆ ಮುಖ ತಿರುಗಿಸುವುದು, ಅನ್ನವನ್ನು ಕೆನ್ನೆಯಲ್ಲಿ ತುಂಬಿಟ್ಟುಕೊಳ್ಳುವುದು, ವಸಡಿನ ಮೇಲೆ ಸಣ್ಣ ಗುಳ್ಳೆ: ಇವು ಮಾತು ಬಾರದ ಮಗು ಕೊಡುವ ದೂರುಗಳು.

ಫ್ಲೋರೈಡಿನ ಬಗೆಗಿನ ಭಯ

ಪಾವಗಡ, ಬಾಗೇಪಲ್ಲಿ, ಮುಂಡರಗಿ ಮೊದಲಾದ ಕಡೆಗಳಿಂದಲೂ, ಇತ್ತ ಧರ್ಮಪುರಿ, ಕೃಷ್ಣಗಿರಿಗಳಿಂದಲೂ ಬಂದವರು ಫ್ಲೋರೈಡ್ ಎಂಬ ಹೆಸರು ಕೇಳಿದರೆ ಬೆಚ್ಚುವುದು ಅಕಾರಣವಲ್ಲ. ಅಲ್ಲಿನ ಕೊಳವೆಬಾವಿಯ ನೀರಿನಿಂದ ಹಲ್ಲು ಕಂದು ಬಣ್ಣಕ್ಕೆ ತಿರುಗಿದವರನ್ನೂ ಮೂಳೆ ಬಾಗಿದವರನ್ನೂ ಅವರು ಕಂಡಿದ್ದಾರೆ. ಈ ವ್ಯಾಧಿಯನ್ನು ಭಾರತದಲ್ಲಿ ಮೊದಲು ಗುರುತಿಸಿದ ಕೀರ್ತಿ ಇದೇ ನಗರಕ್ಕೆ ಸೇರಿದುದು. ಅಂದಿನ ಮದ್ರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಜನರ ಕಾಹಿಲೆಗೆ ನೀರಿನ ಫ್ಲೋರೈಡೇ ಕಾರಣವೆಂದು ಗಿಂಡಿಯ ಕಿಂಗ್ ಸಂಸ್ಥೆಯ ಶಾರ್ಟ್, ಪಂಡಿತ್, ರಾಘವಾಚಾರಿ ಎಂಬ ವಿಜ್ಞಾನಿಗಳು 1937ರಲ್ಲಿ ಪ್ರಕಟಿಸಿದರು.

ಆದರೆ ಅತಿಯಾದರೆ ಅಮೃತವೂ ವಿಷ ಎಂಬ ಗಾದೆಯ ಮಾತು ಇಲ್ಲಿ ಅಕ್ಷರಶಃ ಸತ್ಯ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದ ಫ್ಲೋರೈಡನ್ನು ವರ್ಷಗಟ್ಟಲೆ ಸೇವಿಸುವುದು ಬೇರೆ. ಹಲ್ಲಿನ ಮೇಲ್ಮೈಗೆ ಅಲ್ಪ ಪ್ರಮಾಣವನ್ನು ಹಚ್ಚುವುದು ಬೇರೆ. ಹೀಗೆ ಹಚ್ಚಿದ ಫ್ಲೋರೈಡು ಕರಗಿದ ಕವಚವನ್ನು ಮತ್ತೆ ತುಂಬಿಸಿ ಆಮ್ಲಕ್ಕೆ ಜಗ್ಗದಂತೆ ಮಾಡುತ್ತದೆ. ಮೊದಲ ಹಲ್ಲು ಮೂಡಿದಂದಿನಿಂದ ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಕಾಳಿನಷ್ಟು ಪೇಸ್ಟು ಸಾಕು. ಸಾವಿರ ಪಾಲಿನ, ಅಂದರೆ ಹತ್ತು ಲಕ್ಷಕ್ಕೆ 1000 ಭಾಗ ಫ್ಲೋರೈಡುಳ್ಳ ಪೇಸ್ಟಿನ ಅಕ್ಕಿಕಾಳಿನಷ್ಟರಲ್ಲಿ ಇರುವುದು ಸುಮಾರು 0.1 ಮಿಲಿಗ್ರಾಮ್ ಮಾತ್ರ. ನೀರಿನಲ್ಲಿ ಫ್ಲೋರೈಡು ಹೆಚ್ಚಿರುವ ಊರಿನಲ್ಲಿ ಮಗು ಬೆಳೆಯುತ್ತಿದ್ದರೆ ದಂತವೈದ್ಯರನ್ನು ಕೇಳಿ ನಡೆಯುವುದು ಉಚಿತ.

ದಿನಕ್ಕೆ ಎರಡು ಸಲ, ಅದರಲ್ಲೂ ರಾತ್ರಿ ತಪ್ಪದೆ, ಉಜ್ಜಬೇಕು. ಉಜ್ಜಬೇಕಾದವರು ಹಿರಿಯರು. ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಆ ಹದ ಬರುವುದಿಲ್ಲ. ಬೂದಿ, ಉಪ್ಪು, ಇದ್ದಿಲು, ಇಟ್ಟಿಗೆಪುಡಿಗಳು ತೆಳುವಾದ ಕವಚವನ್ನು ತೇಯುತ್ತವೆಯಾದುದರಿಂದ ಅವು ಎಳೆಯರಿಗೆ ಸಲ್ಲವು.

ಚಿಕಿತ್ಸೆಯ ಬಗೆಗಳು

ದಂತವೈದ್ಯನೆಂದರೆ ಇಕ್ಕಳ, ಯಂತ್ರದ ಕೊರೆತ ಎಂಬ ಚಿತ್ರವೊಂದು ನಮ್ಮ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಮಗುವನ್ನು ಅಲ್ಲಿಗೆ ಕರೆದೊಯ್ಯಲು ಹಿಂಜರಿಯುವುದಕ್ಕೆ ಇದೂ ಒಂದು ಕಾರಣ. ಈಗ ಪರಿಸ್ಥಿತಿ ಬಹಳ ಬದಲಾಗಿದೆ.

ಕುಳಿಬಿದ್ದ ಹಲ್ಲಿಗೆ ಬೆಳ್ಳಿ ಮತ್ತು ಫ್ಲೋರೈಡು ಸೇರಿದ ‘ಸಿಲ್ವರ್ ಡೈಅಮೀನ್ ಫ್ಲೋರೈಡ್’ ಎಂಬ ದ್ರವವನ್ನು ಪುಟ್ಟ ಕುಂಚದಿಂದ ಹಚ್ಚಿದರೆ ಹುಳುಕು ಮುಂದೆ ಹರಡದೆ ನಿಲ್ಲುವ ಸಾಧ್ಯತೆ ಹೆಚ್ಚು. ಕೊರೆಯುವುದಿಲ್ಲ, ಸೂಜಿಯಿಲ್ಲ, ಒಂದೆರಡು ನಿಮಿಷಗಳ ಕೆಲಸ. ಜಪಾನಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದ್ದ ಈ ಔಷಧಿಯನ್ನೂ, ಫ್ಲೋರೈಡ್ ಪೇಸ್ಟನ್ನೂ, ‘ಗ್ಲಾಸ್ ಅಯನೊಮರ್’ ಎಂಬ ತುಂಬುಸಿಮೆಂಟನ್ನೂ ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಇದರ ಒಂದು ಕೊರತೆಯೆಂದರೆ ಹುಳುಕಾದ ಭಾಗ ಶಾಶ್ವತವಾಗಿ ಕರ್ರಗಾಗುವುದು. ಮುಂಬಲ್ಲು ಕಪ್ಪಾಗುವುದನ್ನು ಒಪ್ಪದ ತಂದೆತಾಯಿಗಳಿಗೆ ವೈದ್ಯರು ಬೇರೆ ಉಪಾಯ ಹೇಳುತ್ತಾರೆ. ಹಚ್ಚಿದ ಮೇಲೂ ಆರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು.

ಕೈಯುಪಕರಣದಿಂದ ಮೆತ್ತಗಾದ ಭಾಗವನ್ನು ಮಾತ್ರ ಕೆರೆದು ತೆಗೆದು ಸಿಮೆಂಟು ತುಂಬುವ ವಿಧಾನ ವಿದ್ಯುತ್ತಿಲ್ಲದ ಹಳ್ಳಿಗಳಿಗಾಗಿ ಆಫ್ರಿಕದಲ್ಲಿ ರೂಪುಗೊಂಡುದು. ಹೆದರುವ ಮಕ್ಕಳಿಗೂ ಅದು ವರವಾಯಿತು. ದವಡೆಹಲ್ಲಿಗೆ ಉಕ್ಕಿನ ಟೊಪ್ಪಿಗೆಯನ್ನು ಕೊರೆಯದೆಯೇ ಕೂಡಿಸುವ ಕ್ರಮವನ್ನು ಸ್ಕಾಟ್ಲೆಂಡಿನ ದಂತವೈದ್ಯೆ ನೋರ್ನಾ ಹಾಲ್ ಬಳಕೆಗೆ ತಂದರು. ಒಳಗೆ ಸಿಕ್ಕಿಬಿದ್ದ ಸೂಕ್ಷ್ಮಾಣುಗಳು ಸಕ್ಕರೆ ದೊರೆಯದೆ ಉಪವಾಸ ಬೀಳುತ್ತವೆ ಎಂಬುದು ಅದರ ತತ್ತ್ವ. ಹುಳುಕು ಹಲ್ಲಿನ ತಿರುಳಿಗೆ ತಾಗಿದ್ದರೆ ಕೆಟ್ಟ ತಿರುಳನ್ನು ತೆಗೆದು ಔಷಧಿಯಿಟ್ಟು ಟೊಪ್ಪಿಗೆ ಹಾಕುತ್ತಾರೆ. ಉಳಿಸಲಾಗದ ಹಲ್ಲನ್ನು ಕಿತ್ತರೂ ತೆರವಾದ ಜಾಗವನ್ನು ಕಾಯುವ ಪುಟ್ಟ ಸಾಧನವೊಂದನ್ನು ಅಳವಡಿಸುವುದುಂಟು. ತೀವ್ರ ಹುಳುಕಿನಿಂದ ಸರಿಯಾಗಿ ಉಣ್ಣದೆ ಸೊರಗಿದ ಮಕ್ಕಳು ಚಿಕಿತ್ಸೆಯ ನಂತರ ನೆಮ್ಮದಿಯಾಗಿ ನಿದ್ರಿಸಿ ತೂಕ ಹೆಚ್ಚಿಸಿಕೊಳ್ಳುವುದನ್ನು ವೈದ್ಯರು ಕಂಡಿದ್ದಾರೆ.

ನೋವಿಗೆ ಲವಂಗದ ಎಣ್ಣೆ ಸುರಿಯುವುದು, ಆಸ್ಪಿರಿನ್ ಗುಳಿಗೆಯನ್ನು ವಸಡಿಗೆ ಒತ್ತುವುದು ಎಳೆಯ ಬಾಯಿಯನ್ನು ಸುಡುತ್ತದೆ. ಆಸ್ಪಿರಿನ್ ಮಕ್ಕಳಿಗೆ ಕೊಡತಕ್ಕದ್ದೇ ಅಲ್ಲ. ಕೆನ್ನೆ ಊದಿ ಜ್ವರ ಬಂದರೆ, ಊತ ಕಣ್ಣಿನತ್ತಲೋ ಗಲ್ಲದ ಕೆಳಗೋ ಹರಡಿದರೆ, ನುಂಗಲು ಕಷ್ಟವಾದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಎಲ್ಲಿಗೆ ಹೋಗಬೇಕು?

ಮೊದಲ ಹುಟ್ಟುಹಬ್ಬದೊಳಗೆ ಮಗುವನ್ನು ಒಮ್ಮೆ ದಂತವೈದ್ಯರಿಗೆ ತೋರಿಸಬೇಕೆಂಬುದು ತಜ್ಞರ ಮತ. ಚೆನ್ನೈಯಲ್ಲಿ ಇದಕ್ಕೆ ಅನುಕೂಲಗಳಿಗೆ ಕೊರತೆಯಿಲ್ಲ. 1953ರಲ್ಲಿ ಮದ್ರಾಸು ವೈದ್ಯಕೀಯ ಕಾಲೇಜಿನ ದಂತ ವಿಭಾಗವಾಗಿ ಆರಂಭವಾಗಿ ಬೆಳೆದ ತಮಿಳುನಾಡು ಸರ್ಕಾರಿ ದಂತವೈದ್ಯಕೀಯ ಕಾಲೇಜು ಆಸ್ಪತ್ರೆಯು ಕೋಟೆ ರೈಲು ನಿಲ್ದಾಣದ ಸಮೀಪದಲ್ಲಿದೆ. ಅಲ್ಲಿ ಮಕ್ಕಳ ದಂತಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ನಗರದ ಹೊರವಲಯದ ಖಾಸಗಿ ದಂತ ಕಾಲೇಜುಗಳಲ್ಲಿಯೂ ಇಂತಹ ವಿಭಾಗಗಳಿವೆ. 2013ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಅಂಗನವಾಡಿಯ ಮಕ್ಕಳನ್ನು ವರ್ಷಕ್ಕೆರಡು ಸಲ ಪರೀಕ್ಷಿಸಬೇಕಾದ ತಂಡಗಳ ಪಟ್ಟಿಯಲ್ಲಿ ಹಲ್ಲಿನ ರೋಗವೂ ಸೇರಿದೆ. ಆ ದಿನ ಮಗುವನ್ನು ತಪ್ಪದೆ ಕಳುಹಿಸುವುದು ಹೆತ್ತವರ ಹೊಣೆ.

ಭಾಷೆ ಬಾರದೆಂದು ಸಂಕೋಚಪಡಬೇಕಾಗಿಲ್ಲ. ತಮಿಳಿನಲ್ಲಿ ಹಲ್ಲಿಗೆ ‘ಪಲ್’ ಎನ್ನುತ್ತಾರೆ. ನಮ್ಮ ಹಳಗನ್ನಡದಲ್ಲಿಯೂ ಅದು ‘ಪಲ್’ ಎಂದೇ ಇತ್ತು. ‘ಪಲ್ ವಲಿ’ ಎಂದರೆ ಹಲ್ಲುನೋವು, ‘ಸೊತ್ತೈ ಪಲ್’ ಎಂದರೆ ಹುಳುಕು ಹಲ್ಲು. ಈ ಎರಡು ಮಾತುಗಳು ಸಾಕು, ಉಳಿದುದನ್ನು ಮಗುವಿನ ಬಾಯಿಯೇ ವೈದ್ಯರಿಗೆ ಹೇಳುತ್ತದೆ.

ನಮ್ಮ ಕನ್ನಡ ಸಂಘಗಳಿಗೂ ಒಂದು ವಿಜ್ಞಾಪನೆ. ಪ್ರತಿ ವರ್ಷ ನವೆಂಬರಿನಲ್ಲಿ ರಾಜ್ಯೋತ್ಸವವನ್ನಾಚರಿಸಿ ಮಕ್ಕಳಿಗೆ ಸಿಹಿ ಹಂಚುತ್ತೇವೆ. ಹಬ್ಬದ ಸಿಹಿ ಬೇಡವೆನ್ನುವವರಾರೂ ಇಲ್ಲ. ಊಟದೊಡನೆ ಬಡಿಸಿದ ಹೋಳಿಗೆಯಿಂದ ಯಾವ ಮಗುವಿನ ಹಲ್ಲೂ ಹಾಳಾಗದು. ಆ ದಿನ ಬೆಳಿಗ್ಗೆ ಒಂದು ಗಂಟೆ, ಒಬ್ಬ ದಂತವೈದ್ಯರನ್ನು ಕರೆಸಿ ಆರು ವರ್ಷದೊಳಗಿನ ಮಕ್ಕಳ ತುಟಿಯೆತ್ತಿ ನೋಡಿಸಿದರೆ, ದೂರದ ಊರಿನ ಅಜ್ಜಿ ಮಾಡಬೇಕಾಗಿದ್ದ ಕೆಲಸವನ್ನು ಸಂಘವು ಮಾಡಿದಂತಾಗುವುದು. ಬಿಳಿಯ ಗೆರೆಯೊಂದನ್ನು ಸಕಾಲದಲ್ಲಿ ಕಂಡರೆ ಒಂದು ಹಲ್ಲು ಉಳಿಯುತ್ತದೆ. ಒಂದು ಹಲ್ಲು ಉಳಿದರೆ ಒಂದು ಮಗು ರಾತ್ರಿ ಅಳದೆ ನಿದ್ರಿಸುತ್ತದೆ.